ಟ್ಯಾಪಿಂಗ್ ಮಾಡುವಾಗ ಹೇಳುವ ಆ ಒಂದು ವಾಕ್ಯವನ್ನು ನೀವು ಕನ್ನಡದಲ್ಲಿ ಹೇಗೆ ಹೇಳುತ್ತೀರಿ?

ತೆಂಗಿನ ನೆರಳು (ತಿಪಟೂರು)

ಎಲ್ಲರಿಗೂ ನಮಸ್ಕಾರ. ಎರಡು ವರ್ಷಗಳಿಂದ ಇಲ್ಲಿ ಓದುತ್ತಿದ್ದೇನೆ, ಬರೆಯುತ್ತಿರುವುದು ಇದೇ ಮೊದಲು.

ಕಳೆದ ಮಾಘದಲ್ಲಿ ಅಮ್ಮ ತೀರಿಕೊಂಡರು. ಹದಿನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದರು. ಶಾಲೆಯ ಕೆಲಸ ಮುಗಿಸಿ ಬಂದು ರಾತ್ರಿಯೆಲ್ಲ ಅವರ ಮಂಚದ ಪಕ್ಕದಲ್ಲೇ ಇರುತ್ತಿದ್ದೆ. ಕೊನೆಯ ರಾತ್ರಿ ಮಾತ್ರ ಪಕ್ಕದ ಕೋಣೆಗೆ ಹೋಗಿ ಮಲಗಿದವಳಿಗೆ ಗಾಢ ನಿದ್ದೆ ಬಂದುಬಿಟ್ಟಿತು. ಎದ್ದು ನೋಡುವಾಗ ಎಲ್ಲ ಮುಗಿದಿತ್ತು. ಅಂದಿನಿಂದ ಬೆಳಗಿನ ಜಾವ ನಾಲ್ಕೂವರೆಗೆ ಸರಿಯಾಗಿ ಎಚ್ಚರವಾಗುತ್ತದೆ. ಎದೆಯ ಮೇಲೆ ಯಾರೋ ಒರಳುಕಲ್ಲು ಇಟ್ಟ ಹಾಗೆ. ಬೆಳಕು ಹರಿಯುವವರೆಗೂ ಹಾಗೆಯೇ ಬಿದ್ದುಕೊಂಡಿರುತ್ತೇನೆ.

ನಮ್ಮ ಶಾಲೆಯ ಸಹೋದ್ಯೋಗಿಯೊಬ್ಬರು ಟ್ಯಾಪಿಂಗ್ ಎನ್ನುವ, ಬೆರಳಿನಿಂದ ಮೈಮೇಲೆ ತಟ್ಟಿಕೊಳ್ಳುವ ಈ ಕ್ರಮವನ್ನು ಹೇಳಿಕೊಟ್ಟರು. ಮೊದಲು ಸಂಕಟಕ್ಕೆ ಸೊನ್ನೆಯಿಂದ ಹತ್ತರೊಳಗೆ ಒಂದು ಅಂಕ ಕೊಡಬೇಕು. ಕಿರುಬೆರಳಿನ ಕೆಳಗಿರುವ ಅಂಗೈಯ ಅಂಚನ್ನು ಇನ್ನೊಂದು ಕೈಯ ಬೆರಳುಗಳಿಂದ ತಟ್ಟುತ್ತ ಒಂದು ವಾಕ್ಯವನ್ನು ಮೂರು ಸಲ ಹೇಳಬೇಕು. ಆಮೇಲೆ ಹುಬ್ಬು ಶುರುವಾಗುವ ಜಾಗ, ಕಣ್ಣಿನ ಹೊರಮೂಲೆಯ ಎಲುಬು, ಕಣ್ಣಿನ ಕೆಳಗಿನ ಎಲುಬು, ಮೂಗಿನ ಕೆಳಗೆ, ಕೆಳತುಟಿಗೂ ಗಲ್ಲಕ್ಕೂ ನಡುವಿನ ತಗ್ಗು, ಕಾಲರ್ ಮೂಳೆಯ ಕೆಳಗೆ, ಕಂಕುಳಿನಿಂದ ನಾಲ್ಕು ಬೆರಳು ಕೆಳಗೆ, ಕೊನೆಗೆ ನೆತ್ತಿ. ಒಂದೊಂದು ಕಡೆ ಐದಾರು ಸಲ ತಟ್ಟುತ್ತ ಕಾಡುತ್ತಿರುವ ಸಂಗತಿಯನ್ನು ಚುಟುಕಾಗಿ ಹೇಳಿಕೊಳ್ಳಬೇಕು. ಒಂದು ಸುತ್ತಿಗೆ ಎರಡು ನಿಮಿಷವೂ ಬೇಕಾಗುವುದಿಲ್ಲ.

ಮೊದಲ ದಿನವೇ ನನ್ನ ಒಂಬತ್ತು ಐದಕ್ಕೆ ಇಳಿಯಿತು. ಅದು ನಿಜ. ನೆತ್ತಿಯನ್ನು ತಟ್ಟಿಕೊಂಡಾಗ ಪ್ರತಿಸಲವೂ ಅಳು ಬರುತ್ತದೆ, ಬೇರೆ ಯಾವ ಜಾಗದಲ್ಲೂ ಹಾಗಾಗುವುದಿಲ್ಲ.

ನನ್ನ ತೊಡಕು ಆ ವಾಕ್ಯದ್ದು. ಅವರು ಬರೆದುಕೊಟ್ಟದ್ದು ಹೀಗಿದೆ: "ನನ್ನಲ್ಲಿ ಈ ತಪ್ಪಿತಸ್ಥ ಭಾವನೆ ಇದ್ದರೂ, ನಾನು ನನ್ನನ್ನು ಆಳವಾಗಿ ಮತ್ತು ಸಂಪೂರ್ಣವಾಗಿ ಸ್ವೀಕರಿಸುತ್ತೇನೆ." ಹೇಳಿದಾಗಲೆಲ್ಲ ಅನ್ನದಲ್ಲಿ ಕಲ್ಲು ಸಿಕ್ಕ ಹಾಗಾಗುತ್ತದೆ. ನಮ್ಮ ಮನೆಯಲ್ಲಿ ಯಾರೂ ಯಾರಿಗೂ, ತಮಗೆ ತಾವೂ, ಹೀಗೆ ಮಾತನಾಡಿದ್ದಿಲ್ಲ. ನಾಲ್ಕೂವರೆಯ ಕತ್ತಲಲ್ಲಿ ಅದು ಸುಳ್ಳು ಹೇಳಿದಂತೆ ಕೇಳಿಸುತ್ತದೆ. ನೀವು ಏನೆಂದು ಹೇಳುತ್ತೀರಿ? ಈ ಜಾಗಗಳಲ್ಲಿ ನಿಜವಾಗಿ ಏನಾದರೂ ಇದೆಯೇ?

ರಾತ್ರಿಪಾಳಿ (ಸ್ಟಾಫ್ ನರ್ಸ್, ಚಿತ್ರದುರ್ಗ ಜಿಲ್ಲೆ)

ಅಕ್ಕಾ, ನಿಮ್ಮ ಅಮ್ಮನ ವಿಷಯ ಓದಿ ಮನಸ್ಸು ತುಂಬಿ ಬಂತು. ಇಪ್ಪತ್ತೊಂದು ವರ್ಷಗಳಿಂದ ವಾರ್ಡುಗಳಲ್ಲಿದ್ದೇನೆ. ಒಂದು ಮಾತು ನಂಬಿ: ತಿಂಗಳುಗಟ್ಟಲೆ ಹಾಸಿಗೆಯ ಪಕ್ಕ ಕುಳಿತ ಮಗಳು ನೀರು ತರಲು ಹೋದ ಐದು ನಿಮಿಷದಲ್ಲಿ ಜೀವ ಹೋಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಆ ಐದು ನಿಮಿಷದ ಲೆಕ್ಕವನ್ನೇ ಅವರು ಆಮೇಲೆ ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾರೆ. ಹದಿನಾಲ್ಕು ತಿಂಗಳ ಲೆಕ್ಕ ಯಾರೂ ಇಡುವುದಿಲ್ಲ.

ತಟ್ಟಿಕೊಳ್ಳುವುದಕ್ಕೆ ಮೊದಲು ಒಂದು ಕೆಲಸ ಮಾಡಿ. ಎದೆಯ ಮೇಲೆ ಭಾರ ಎಂದು ಬರೆದಿದ್ದೀರಿ. ಅದು ದುಃಖದ್ದೇ ಇರಬಹುದು, ಆದರೂ ಒಂದು ಇಸಿಜಿ ಮಾಡಿಸಿ. ರಕ್ತದ ಹಿಮೋಗ್ಲೋಬಿನ್, ಥೈರಾಯ್ಡ್, ಸಕ್ಕರೆ ನೋಡಿಸಿ. ಹೆಂಗಸರಲ್ಲಿ ಹೃದಯದ ತೊಂದರೆ ಯಾವಾಗಲೂ ಎದೆ ಹಿಡಿದುಕೊಳ್ಳುವ ನೋವಾಗಿಯೇ ಬರುವುದಿಲ್ಲ. ಉಸಿರು ಕಟ್ಟುವುದು, ವಾಕರಿಕೆ, ವಿಪರೀತ ಸುಸ್ತು, ದವಡೆ ಅಥವಾ ಬೆನ್ನಿನ ನೋವಾಗಿಯೂ ಬರುತ್ತದೆ. "ಟೆನ್ಷನ್ ಅಷ್ಟೇ" ಎಂದು ಮನೆಯಲ್ಲೇ ಉಳಿದು ತಡವಾಗಿ ಬಂದವರನ್ನು ನೋಡಿದ್ದೇನೆ, ಅದಕ್ಕೇ ಹೇಳುತ್ತಿದ್ದೇನೆ.

ನಾನೂ ತಟ್ಟಿಕೊಳ್ಳುತ್ತೇನೆ. ಡ್ಯೂಟಿ ಕೋಣೆಯಲ್ಲಿ ಮುಖ ತೊಳೆದು, ಕನ್ನಡಕ ತೆಗೆದಿಟ್ಟು, ಎರಡು ಬೆರಳ ತುದಿಯಿಂದ. ಕಣ್ಣಿನ ಸುತ್ತ ಎಲುಬಿನ ಮೇಲೆ ಮಾತ್ರ, ಮೆಲ್ಲಗೆ. ಕೆಲವರು ಚರ್ಮ ಕೆಂಪಾಗುವಂತೆ ಬಡಿದುಕೊಳ್ಳುತ್ತಾರೆ, ಅದರ ಅಗತ್ಯವಿಲ್ಲ. ಜೋರಾಗಿ ತಟ್ಟಿದರೆ ಹೆಚ್ಚು ಗುಣ ಎಂಬುದೇನೂ ಇಲ್ಲ. ವಾಕ್ಯ ಕೇಳಿದಿರಿ. ನನ್ನದು ಇಷ್ಟೇ: "ಇಷ್ಟೆಲ್ಲ ಇದೆ. ಇರಲಿ."

ಸರಾಸರಿ (ಮೈಸೂರು)

ಸಂಖ್ಯಾಶಾಸ್ತ್ರ ಕಲಿಸುವವನು ನಾನು. ತಂಗಿಗೆ ಪ್ಯಾನಿಕ್ ತೊಂದರೆ ಶುರುವಾದಾಗ ಆಕೆಗೆ ಯಾರೋ ಇದನ್ನು ಹೇಳಿದರು. ಆಗ ಕುಳಿತು ಓದಿಕೊಂಡೆ. "ಈ ಜಾಗಗಳಲ್ಲಿ ಏನಾದರೂ ಇದೆಯೇ" ಎಂಬ ನಿಮ್ಮ ಪ್ರಶ್ನೆಗೆ ಉತ್ತರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

1964ರಲ್ಲಿ ಅಮೆರಿಕದ ಕೈರೋಪ್ರಾಕ್ಟರ್, ಅಂದರೆ ಬೆನ್ನುಮೂಳೆಯನ್ನು ಕೈಯಿಂದ ಒತ್ತಿ ಚಿಕಿತ್ಸೆ ಮಾಡುವವರು, ಜಾರ್ಜ್ ಗುಡ್‌ಹಾರ್ಟ್ ಸ್ನಾಯುಗಳ ಬಲವನ್ನು ಕೈಯಿಂದ ಒತ್ತಿ ನೋಡಿ ದೇಹದ ದೋಷ ಹೇಳುವ ಪದ್ಧತಿಯೊಂದನ್ನು ಶುರುಮಾಡಿದರು. ಮೈಯಲ್ಲಿ ಶಕ್ತಿ ಹರಿಯುವ ದಾರಿಗಳೆಂದು ಚೀನಾದ ಅಕ್ಯುಪಂಕ್ಚರ್ ಹೇಳುವ ನಾಡಿಮಾರ್ಗಗಳನ್ನು ಆಮೇಲೆ ಅದಕ್ಕೆ ಸೇರಿಸಿಕೊಂಡರು. ಅದನ್ನು ಕಲಿತವರಲ್ಲಿ ಒಬ್ಬರು ಮನಶ್ಶಾಸ್ತ್ರಜ್ಞ ರೋಜರ್ ಕ್ಯಾಲಹನ್. ಅವರು ಹೇಳಿಕೊಂಡಿರುವಂತೆ, ನೀರನ್ನು ಕಂಡರೆ ಹೆದರುತ್ತಿದ್ದ ಮಹಿಳೆಯೊಬ್ಬರು ಚಿಕಿತ್ಸೆಗೆ ಬರುತ್ತಿದ್ದರು. ಹೆದರಿಕೆ ಹೊಟ್ಟೆಯಲ್ಲಿ ಕಾಣಿಸುತ್ತದೆ ಎಂದು ಆಕೆ ಹೇಳಿದಾಗ, ಹೊಟ್ಟೆಯ ನಾಡಿಮಾರ್ಗ ಕಣ್ಣಿನ ಕೆಳಗೆ ಇದೆಯೆಂದು ನೆನಪಾಗಿ ಅಲ್ಲಿ ತಟ್ಟಲು ಹೇಳಿದರಂತೆ. ಹೆದರಿಕೆ ಹೋಯಿತಂತೆ. ಅಲ್ಲಿಂದ ಅವರು ಒಂದೊಂದು ಸಂಕಟಕ್ಕೆ ಒಂದೊಂದು ಕ್ರಮದಲ್ಲಿ ತಟ್ಟುವ ಚಿಕಿತ್ಸೆ ಕಟ್ಟಿದರು. 1990ರ ದಶಕದಲ್ಲಿ ಅವರ ಶಿಷ್ಯ ಗ್ಯಾರಿ ಕ್ರೇಗ್, ಸ್ಟ್ಯಾನ್‌ಫರ್ಡ್‌ನಲ್ಲಿ ಎಂಜಿನಿಯರಿಂಗ್ ಓದಿದವರು, ಇಷ್ಟೊಂದು ಕ್ರಮಗಳು ಬೇಡವೆಂದು ಎಲ್ಲದಕ್ಕೂ ಒಂದೇ ಸುತ್ತು ಮಾಡಿದರು. ಅದೇ ಇಎಫ್‌ಟಿ, ಎಮೋಷನಲ್ ಫ್ರೀಡಂ ಟೆಕ್ನಿಕ್ಸ್. ನಿಮ್ಮ ಸಹೋದ್ಯೋಗಿ ಕಲಿಸಿದ್ದು, "ಸ್ವೀಕರಿಸುತ್ತೇನೆ" ಎಂಬ ವಾಕ್ಯದ ಸಮೇತ, ಅಲ್ಲಿಂದ ಬಂದದ್ದು.

ಗುರು ಒಂದೊಂದು ರೋಗಕ್ಕೆ ಒಂದೊಂದು ಕ್ರಮ ಎಂದರು. ಶಿಷ್ಯ ಎಲ್ಲ ಕ್ರಮಗಳನ್ನೂ ತೆಗೆದುಹಾಕಿದರು. ಎರಡೂ ಕಡೆ ಜನರಿಗೆ ಗುಣವಾಯಿತು. ಹಾಗಿದ್ದರೆ ಗುಣ ಕ್ರಮದಲ್ಲಿ ಇರಲಿಲ್ಲ ಎಂದಾಯಿತಲ್ಲವೇ?

ಇನ್ನೂ ಮುಂದಕ್ಕೆ ಹೋಗಿ ಪರೀಕ್ಷಿಸಿದವರೂ ಇದ್ದಾರೆ. 2003ರಲ್ಲಿ ವೆಯ್ಟ್ ಮತ್ತು ಹೋಲ್ಡರ್ ಎಂಬ ಕೆನಡಾದ ಇಬ್ಬರು ಸಂಶೋಧಕರು 119 ವಿದ್ಯಾರ್ಥಿಗಳನ್ನು ನಾಲ್ಕು ಗುಂಪು ಮಾಡಿದರು. ಒಂದು ಗುಂಪು ಸರಿಯಾದ ಬಿಂದುಗಳಲ್ಲಿ ತಟ್ಟಿಕೊಂಡಿತು. ಇನ್ನೊಂದು ಗುಂಪು ತೋಳಿನ ಮೇಲೆ ಎಲ್ಲೆಲ್ಲೋ ತಟ್ಟಿಕೊಂಡಿತು. ಮೂರನೆಯ ಗುಂಪಿನವರು ತಮ್ಮನ್ನು ಬಿಟ್ಟು ಒಂದು ಗೊಂಬೆಯನ್ನು ತಟ್ಟಿದರು. ನಾಲ್ಕನೆಯವರಿಗೆ ನೂಲಿನಿಂದ ಆಟಿಕೆ ಮಾಡುವ ಕೆಲಸ. ತಟ್ಟಿದ ಮೂರೂ ಗುಂಪುಗಳಲ್ಲಿ ಹೆದರಿಕೆ ಒಂದೇ ರೀತಿ ಇಳಿಯಿತು. ಗೊಂಬೆ ತಟ್ಟಿದವರಲ್ಲೂ. ನೂಲಿನವರಲ್ಲಿ ಇಳಿಯಲಿಲ್ಲ.

ಇನ್ನೊಂದು ಕಡೆಯ ಅಂಕಿಗಳನ್ನೂ ಹೇಳಬೇಕು. 2012ರಲ್ಲಿ 83 ಜನರ ಮೇಲೆ ನಡೆದ ಅಧ್ಯಯನದಲ್ಲಿ, ಒಂದು ಗಂಟೆ ಟ್ಯಾಪಿಂಗ್ ಮಾಡಿದವರ ಜೊಲ್ಲಿನಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಸರಾಸರಿ 24 ಪ್ರತಿಶತ ಇಳಿಯಿತು. ಬರೀ ಮಾತನಾಡಿದವರಲ್ಲಿ ಸುಮಾರು 14. ಅದನ್ನು ನಡೆಸಿದ ಡಾಸನ್ ಚರ್ಚ್ ಇಎಫ್‌ಟಿಯನ್ನು ಕಲಿಸುವವರೂ ಪ್ರಚಾರ ಮಾಡುವವರೂ ಹೌದು, ಓದುವಾಗ ಇದು ನೆನಪಿರಲಿ. 2020ರಲ್ಲಿ ಆಸ್ಟ್ರೇಲಿಯಾದ ಬಾಂಡ್ ವಿಶ್ವವಿದ್ಯಾಲಯದವರು 53 ಜನರಲ್ಲಿ ಅದನ್ನೇ ಮತ್ತೆ ಮಾಡಿದಾಗ 43 ಪ್ರತಿಶತ ಇಳಿಯಿತು. ಇವೆಲ್ಲ ಸಣ್ಣ ಗುಂಪುಗಳು. ತಟ್ಟಿಕೊಂಡು ಕುಳಿತರೆ ಮೈ ಶಾಂತವಾಗುತ್ತದೆ ಎಂಬುದಕ್ಕೆ ಇಷ್ಟು ಸಾಕು. ಬಿಂದುಗಳಿಂದಲೇ ಶಾಂತವಾಗುತ್ತದೆ ಎಂಬುದಕ್ಕೆ ಇವು ಸಾಕ್ಷಿಯಲ್ಲ.

ನನ್ನ ತೀರ್ಮಾನ ಹೇಳುತ್ತೇನೆ. ಓಡಿಹೋಗದೆ ಸಂಕಟದ ಎದುರು ಎರಡು ನಿಮಿಷ ಕುಳಿತುಕೊಳ್ಳುತ್ತೀರಿ. ಅದಕ್ಕೊಂದು ಹೆಸರು ಕೊಡುತ್ತೀರಿ. ಕೈಗೆ ಕೆಲಸ ಇರುತ್ತದೆ, ಉಸಿರು ತಾನಾಗಿ ನಿಧಾನವಾಗುತ್ತದೆ. ಗುಣ ಇರುವುದು ಇಲ್ಲಿ. ಹೆಸರು ಕೊಡುವುದೇ ಒಂದು ಔಷಧಿ ಎಂಬುದಕ್ಕೆ ಬೇರೆ ಆಧಾರವೂ ಇದೆ. ಲಾಸ್ ಏಂಜಲೀಸ್‌ನಲ್ಲಿ ಮ್ಯಾಥ್ಯೂ ಲೀಬರ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಸಿಟ್ಟು ಹೆದರಿಕೆಗಳ ಮುಖಚಿತ್ರ ತೋರಿಸಿ ಆ ಭಾವನೆಗೆ ಹೆಸರು ಹೇಳಿಸಿದಾಗ ಮೆದುಳಿನಲ್ಲಿ ಹೆದರಿಕೆಯಂಥ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲ ಭಾಗದ ಚಟುವಟಿಕೆ ತಗ್ಗಿತ್ತು. ಹಾಗಾಗಿ ನೀವು ಎತ್ತಿದ ವಾಕ್ಯದ ಪ್ರಶ್ನೆ ಚಿಕ್ಕದಲ್ಲ ಮೇಡಂ. ಬಿಂದುಗಳಿಗಿಂತ ಅದೇ ಮುಖ್ಯವಿರಬಹುದು.

ಕಾನುತೋಟ (ಕೊಪ್ಪ ತಾಲ್ಲೂಕು)

ಆ ವಾಕ್ಯ ನನಗೂ ಗಂಟಲಲ್ಲಿ ನಿಂತಿತ್ತು.

ನಮ್ಮದು ಎರಡೂವರೆ ಎಕರೆ ಅಡಿಕೆ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟಕ್ಕೆ ಹೋಗಿ ತಲೆ ಎತ್ತಿ ನೋಡುವುದೇ ಕಷ್ಟವಾಯಿತು. ಹಸಿರು ಹೆಡೆಯ ಮೇಲೆ ಮೊದಲು ಹಳದಿ ಅಂಚಿನ ಸಣ್ಣ ಕಂದು ಚುಕ್ಕಿ, ಆಮೇಲೆ ಚುಕ್ಕಿಗಳು ಒಂದಕ್ಕೊಂದು ಕೂಡಿಕೊಂಡು ಸೋಗೆಯೇ ಸುಟ್ಟ ಹಾಗೆ. ಎರಡು ಸಲ ಔಷಧಿ ಹೊಡೆಸಿ, ಮೂರನೆಯ ಸಲಕ್ಕೆ ದುಡ್ಡು ಹೊಂದಿಸುವಾಗ ಹೊಟ್ಟೆಯೊಳಗೆ ಕುದಿಯಲು ಶುರುವಾಯಿತು. ಊಟ ಸೇರುವುದಿಲ್ಲ. ಮಗಳು ಬೆಂಗಳೂರಿನಿಂದ ವಿಡಿಯೋ ಕರೆಯಲ್ಲಿ ಈ ತಟ್ಟಿಕೊಳ್ಳುವುದನ್ನು ಕಲಿಸಿದಳು.

"ಸ್ವೀಕರಿಸುತ್ತೇನೆ" ಎಂದಾಗಲೆಲ್ಲ ರೋಗವನ್ನೂ ಸಾಲವನ್ನೂ ಒಪ್ಪಿಕೊಂಡು ಸಹಿ ಹಾಕಿದಂತೆ ಅನ್ನಿಸುತ್ತಿತ್ತು. ನಾನು ಒಪ್ಪಿಕೊಳ್ಳುವವನಲ್ಲ. ನಾಲ್ಕೈದು ದಿನ ಹೇಳಿ ಬಿಟ್ಟುಬಿಟ್ಟೆ. ಒಂದು ಸಂಜೆ ಕೊಟ್ಟಿಗೆಯಲ್ಲಿ ಕುಳಿತು ಬಾಯಿಗೆ ಬಂದದ್ದನ್ನು ಹೇಳಿಕೊಂಡೆ: "ತೋಟದ ಚಿಂತೆ ಹೊಟ್ಟೆಯಲ್ಲಿ ಕುದಿಯುತ್ತಿದೆ. ಆದರೂ ನಾನು ನನ್ನ ಕೈ ಬಿಡುವುದಿಲ್ಲ." ಅದು ಕೂತಿತು. ನಮ್ಮ ಕಡೆ ಕಷ್ಟದಲ್ಲಿರುವವರಿಗೆ ಕೈ ಬಿಡಬೇಡಿ ಎನ್ನುತ್ತೇವೆ, ದೇವರ ಮುಂದೆ ನಿಂತಾಗಲೂ ಕೈ ಬಿಡಬೇಡಪ್ಪ ಎಂದೇ ಬೇಡಿಕೊಳ್ಳುತ್ತೇವೆ. ಅದನ್ನೇ ನನಗೆ ನಾನು ಹೇಳಿಕೊಂಡೆ, ಅಷ್ಟೇ. ಆ ರಾತ್ರಿ ಎರಡು ತುತ್ತು ಹೆಚ್ಚು ಉಂಡೆ.

ತೋಟ ಹಾಗೆಯೇ ಇದೆ. ತಟ್ಟಿದರೆ ಚುಕ್ಕಿ ಹೋಗುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ತಲೆ ಎತ್ತಿ ನೋಡುವ ಧೈರ್ಯ ಬಂದಿದೆ. ಯಾವ ಮರದ ಸೋಗೆ ಕಡಿಸಬೇಕು, ಯಾವುದಕ್ಕೆ ಮೊದಲು ಔಷಧಿ ಎಂದು ಯೋಚಿಸಲು ಆಗುತ್ತಿದೆ.

ಹಳೆಬೇರು (ಉಡುಪಿ)

ಇದು ಚೀನಾದ್ದು, ಅಮೆರಿಕದ್ದು ಎಂದೆಲ್ಲ ಏಕೆ ಹೇಳಬೇಕು? ನಮ್ಮ ಸುಶ್ರುತ ಸಂಹಿತೆಯಲ್ಲಿ 107 ಮರ್ಮಗಳು ಇವೆ. ಹುಬ್ಬಿನ ನಡುವೆ, ನೆತ್ತಿಯಲ್ಲಿ, ಎದೆಯಲ್ಲಿ. ಸಂಧ್ಯಾವಂದನೆಯ ಅಂಗನ್ಯಾಸದಲ್ಲಿ ಹೃದಯ, ಶಿರಸ್ಸು, ಶಿಖೆ ಎಂದು ಮುಟ್ಟಿಕೊಳ್ಳುತ್ತೇವೆ. ಎಲ್ಲ ಇಲ್ಲಿಂದಲೇ ಹೋದದ್ದು.

ಸರಾಸರಿ

ಅಂಗನ್ಯಾಸದ ಹೋಲಿಕೆ ನನಗೂ ಇಷ್ಟವಾಯಿತು. ಮಾತು, ಸ್ಪರ್ಶ, ಗಮನ ಮೂರನ್ನೂ ಒಟ್ಟಿಗೆ ಹೂಡುವ ಕೆಲಸ ಅದು. ಮರ್ಮದ ವಿಷಯದಲ್ಲಿ ಮಾತ್ರ ಒಪ್ಪಲಾರೆ. ಸುಶ್ರುತ ಮರ್ಮಗಳನ್ನು ಎಣಿಸಿದ್ದು ಶಸ್ತ್ರವೈದ್ಯನಿಗಾಗಿ. ಇಲ್ಲಿ ಪೆಟ್ಟು ಬಿದ್ದರೆ ಕೂಡಲೇ ಸಾವು, ಇಲ್ಲಿ ಬಿದ್ದರೆ ಕಾಲಾಂತರದಲ್ಲಿ ಸಾವು, ಇಲ್ಲಿ ಅಂಗ ಊನ, ಇಲ್ಲಿ ನೋವು ಎಂದು ವಿಂಗಡಿಸಿದ್ದಾನೆ. ಕತ್ತಿ ತಾಗಬಾರದ ಜಾಗಗಳ ಪಟ್ಟಿ ಅದು. ಚೀನಾದವರು ಸೂಜಿ ಚುಚ್ಚಲೆಂದೇ ಗುರುತಿಸಿದ ಬಿಂದುಗಳೊಂದಿಗೆ ಅದನ್ನು ಬೆರೆಸಿದರೆ ಎರಡೂ ಪರಂಪರೆಗಳಿಗೆ ಅನ್ಯಾಯ ಮಾಡಿದಂತೆ.

ಉಣಕಲ್ ದಂಡೆ (ಹುಬ್ಬಳ್ಳಿ)

ನನ್ನದು ಸುಖದ ಕಥೆಯಲ್ಲ. ಆದರೂ ಇಲ್ಲಿ ಇರಬೇಕು ಎಂದು ಬರೆಯುತ್ತಿದ್ದೇನೆ.

ನನಗೆ ಆತಂಕದ ಕಾಯಿಲೆ, ಮೂರು ವರ್ಷಗಳಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಕಳೆದ ವರ್ಷ ಟ್ಯಾಪಿಂಗ್ ಕಲಿಸುವವರೊಬ್ಬರ ಎರಡು ದಿನದ ಶಿಬಿರಕ್ಕೆ ಹನ್ನೆರಡು ಸಾವಿರ ಕೊಟ್ಟು ಹೋದೆ. ಮೊದಲ ದಿನ ಚೆನ್ನಾಗಿತ್ತು, ಹಗುರವೆನಿಸಿತು. ಎರಡನೆಯ ದಿನ ಅವರು ಮಾತ್ರೆಗಳು ನಿಮ್ಮ ಶಕ್ತಿಯ ಹರಿವನ್ನು ಕಟ್ಟಿಹಾಕುತ್ತವೆ ಎಂದರು. ಬಿಡಿ ಎಂದು ನೇರವಾಗಿ ಹೇಳಲಿಲ್ಲ, ಆದರೆ ಕೇಳಿದವನಿಗೆ ಹಾಗೆಯೇ ಅರ್ಥವಾಗುತ್ತಿತ್ತು. ನಾನು ಒಮ್ಮೆಗೇ ನಿಲ್ಲಿಸಿದೆ. ಐದನೆಯ ದಿನಕ್ಕೆ ತಲೆಸುತ್ತು, ತಲೆಯೊಳಗೆ ಕರೆಂಟು ಹೊಡೆದಂತೆ, ರಾತ್ರಿಯೆಲ್ಲ ಬೆವರು. ಫೋನು ಮಾಡಿದರೆ, "ಹಳೆಯ ಭಾವನೆಗಳು ಹೊರಬರುತ್ತಿವೆ, ಇನ್ನೂ ಹೆಚ್ಚು ತಟ್ಟಿ" ಎಂದರು. ಹೆಂಡತಿ ಕೊನೆಗೆ ಆಟೋದಲ್ಲಿ ಕೂರಿಸಿಕೊಂಡು ವೈದ್ಯರ ಬಳಿಗೆ ಕರೆದುಕೊಂಡು ಹೋದಳು. ಒಮ್ಮೆಗೇ ನಿಲ್ಲಿಸಿದ್ದರಿಂದಲೇ ಹೀಗಾಗಿದೆ, ಇಂಥ ಮಾತ್ರೆಯನ್ನು ಬಿಡಬೇಕಾದರೆ ವಾರಗಟ್ಟಲೆ ಸ್ವಲ್ಪಸ್ವಲ್ಪವೇ ಇಳಿಸಬೇಕು ಎಂದು ಅವರು ವಿವರಿಸಿದರು.

ನನಗೆ ಸಿಟ್ಟಿರುವುದು ತಟ್ಟುವುದರ ಮೇಲೆ ಅಲ್ಲ. ಈಗಲೂ ದಂತವೈದ್ಯರಲ್ಲಿಗೆ ಹೋಗುವ ಮೊದಲು ಅಂಗೈ ಅಂಚನ್ನು ತಟ್ಟಿಕೊಳ್ಳುತ್ತೇನೆ. ಎರಡು ದಿನದ ಶಿಬಿರ ನಡೆಸುವವರು ಬೇರೊಬ್ಬರ ಔಷಧಿಯ ಬಗ್ಗೆ ಬಾಯಿ ಹಾಕಿದರಲ್ಲ, ಅದು ತಪ್ಪು. ಹೆದರಿರುವ ಮನುಷ್ಯ ಏನು ಹೇಳಿದರೂ ನಂಬುತ್ತಾನೆ. ಇದನ್ನು ಓದುವವರಲ್ಲಿ ಯಾರಾದರೂ ಮಾತ್ರೆಯಲ್ಲಿದ್ದರೆ, ದಯವಿಟ್ಟು ಬರೆದುಕೊಟ್ಟ ವೈದ್ಯರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.

ಎರಡು ಕುರ್ಚಿ (ಆಪ್ತಸಮಾಲೋಚಕಿ, ಬೆಂಗಳೂರು)

ಹುಬ್ಬಳ್ಳಿಯವರೇ, ಬರೆದದ್ದಕ್ಕೆ ಕೃತಜ್ಞಳು. ನಿಮ್ಮ ಬರಹದಿಂದ ಯಾರಾದರೊಬ್ಬರು ಉಳಿದುಕೊಳ್ಳುತ್ತಾರೆ.

ಹದಿನೆಂಟು ವರ್ಷಗಳಿಂದ ಜನರ ಎದುರು ಕುಳಿತುಕೊಳ್ಳುವ ಕೆಲಸ ನನ್ನದು. ಟ್ಯಾಪಿಂಗನ್ನು ಮುಖ್ಯ ಚಿಕಿತ್ಸೆಯಾಗಿ ಬಳಸುವುದಿಲ್ಲ. ಆದರೆ ಮಾತನಾಡುತ್ತ ಆಡುತ್ತ ಕೈ ನಡುಗಲು ಶುರುವಾದವರಿಗೆ, ಈಗ ಈ ಕ್ಷಣ ದಾಟಲಿ ಎಂದು ಕಲಿಸಿದ್ದೇನೆ. ಒಂದಷ್ಟು ಜನರಿಗೆ ನೆರವಾಗಿದೆ.

ತಿಪಟೂರಿನ ಅಕ್ಕನಿಗೆ ಹೇಳಬೇಕಾದ ಮಾತುಗಳಿವೆ. ಸೊನ್ನೆಯಿಂದ ಹತ್ತರ ಆ ಅಂಕಪಟ್ಟಿ ಜೋಸೆಫ್ ವೋಲ್ಪೆ ಎಂಬ ಮನೋವೈದ್ಯರಿಂದ ಬಂದದ್ದು, ಅವರದು ಮೂಲದಲ್ಲಿ ನೂರರವರೆಗೆ ಇತ್ತು. ಹೆದರಿಕೆಯನ್ನು ಅಳೆಯಲು ಒಳ್ಳೆಯ ಸಾಧನ. ಜಿರಳೆ, ವಿಮಾನ, ಪರೀಕ್ಷೆ ಇವುಗಳ ಹೆದರಿಕೆ ಸೊನ್ನೆಗೆ ಇಳಿದರೆ ಒಳ್ಳೆಯದೇ. ಆದರೆ ಅಮ್ಮನನ್ನು ಕಳೆದುಕೊಂಡ ದುಃಖ ಸೊನ್ನೆಗೆ ಇಳಿಯಬೇಕಾದ ಅಂಕವಲ್ಲ. ಐದಕ್ಕೆ ನಿಂತರೆ ನಿಲ್ಲಲಿ. ಮುಂದಿನ ಸುತ್ತು, ಮತ್ತೊಂದು ಸುತ್ತು ಎಂದು ಬೆನ್ನಟ್ಟಬೇಡಿ.

ಒಬ್ಬರೇ ಇರುವಾಗ ಆ ಕೊನೆಯ ರಾತ್ರಿಯ ಚಿತ್ರವನ್ನು ನೇರವಾಗಿ ಎಳೆದು ತಂದುಕೊಳ್ಳಬೇಡಿ. ಅಂಚಿನಲ್ಲಿರುವ ಸಣ್ಣದರಿಂದ ಶುರುಮಾಡಿ. ಎದೆಯ ಭಾರ, ಗಡಿಯಾರದ ಸದ್ದು, ಅಂಥದ್ದು. ತಟ್ಟುತ್ತಿರುವಾಗ ಅಂಕ ಇಳಿಯುವ ಬದಲು ಏರಿದರೆ, ಕೋಣೆ ದೂರ ಸರಿದಂತೆ, ತಾನು ತಾನಲ್ಲ ಎಂಬಂತೆ ಅನ್ನಿಸಿದರೆ ಅಲ್ಲಿಗೇ ನಿಲ್ಲಿಸಿ. ಕಣ್ಣು ತೆರೆಯಿರಿ, ಅಂಗಾಲನ್ನು ತಣ್ಣನೆಯ ನೆಲಕ್ಕೆ ಊರಿ, ಮುಖಕ್ಕೆ ನೀರು ಹಾಕಿಕೊಳ್ಳಿ, ಮನೆಯವರನ್ನು ಎಬ್ಬಿಸಿ. ಅತ್ಯಾಚಾರ, ಅಪಘಾತ, ಬಾಲ್ಯದ ಹಿಂಸೆ ಇಂಥ ನೆನಪುಗಳನ್ನು ಯಾರೂ ಮೊಬೈಲ್ ವಿಡಿಯೋ ನೋಡಿಕೊಂಡು ಒಂಟಿಯಾಗಿ ತಟ್ಟಲು ಹೋಗಬಾರದು.

ನಾಲ್ಕೂವರೆಗೆ ಎಚ್ಚರವಾಗಿ ಮತ್ತೆ ನಿದ್ದೆ ಬರದಿರುವುದು ಖಿನ್ನತೆಯ ಪರಿಚಿತ ಲಕ್ಷಣಗಳಲ್ಲಿ ಒಂದು. ತಿಂಗಳುಗಳಿಂದ ಹೀಗಿದೆ ಎಂದರೆ ಯಾರಿಗಾದರೂ ತೋರಿಸಿ. ನಮ್ಮ ರಾಜ್ಯದಲ್ಲಿ ಇದಕ್ಕೆ ದೂರ ಹೋಗಬೇಕಾಗಿಲ್ಲ. ಮನೋರೋಗ ಚಿಕಿತ್ಸೆಯನ್ನು ಜಿಲ್ಲೆಯ ಆಸ್ಪತ್ರೆಗಳಿಗೆ ತಲುಪಿಸುವ ಪ್ರಯೋಗ ದೇಶದಲ್ಲೇ ಮೊದಲು ನಡೆದದ್ದು ನಮ್ಮ ಬಳ್ಳಾರಿಯಲ್ಲಿ, ನಿಮ್ಹಾನ್ಸ್‌ನವರ ಮುಂದಾಳತ್ವದಲ್ಲಿ, 1980ರ ದಶಕದಲ್ಲಿ. ಈಗ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋಚೈತನ್ಯ ಕ್ಲಿನಿಕ್ ಎಂದಿದೆ, ವಿಚಾರಿಸಿ. ರಾತ್ರಿ ಯಾರೂ ಇಲ್ಲದಿದ್ದಾಗ 14416ಕ್ಕೆ ಕರೆ ಮಾಡಿ. ಅದು 2022ರ ಅಕ್ಟೋಬರ್ 10ರಂದು ಶುರುವಾದ ಟೆಲಿ ಮಾನಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ, ಉಚಿತ, ಕನ್ನಡದಲ್ಲೇ ಮಾತನಾಡುತ್ತಾರೆ. ಬದುಕು ಬೇಡ ಎಂಬ ಯೋಚನೆ ಒಂದು ಕ್ಷಣ ಬಂದರೂ ಬೆರಳು ತಟ್ಟುತ್ತ ಕೂರಬೇಡಿ, ಆ ಸಂಖ್ಯೆಯನ್ನು ಒತ್ತಿ.

ವಾಕ್ಯದ ಬಗ್ಗೆ: ಅದು ಹೊಗಳಿಕೆ ಆಗಬೇಕಾಗಿಲ್ಲ, ಹೇಳುವ ಗಳಿಗೆಯಲ್ಲಿ ನಿಜವಾಗಿದ್ದರೆ ಸಾಕು. ಕೊಪ್ಪದವರ ವಾಕ್ಯ ನನ್ನನ್ನು ಹಿಡಿದು ನಿಲ್ಲಿಸಿತು. ನನ್ನ ಬಳಿ ಬರುವವರಿಗೆ ಅದನ್ನು ಹೇಳಿಕೊಡಲು ಅನುಮತಿ ಕೊಡುತ್ತೀರಾ?

ಕಾನುತೋಟ

ಧಾರಾಳವಾಗಿ ಹೇಳಿಕೊಡಿ ಅಮ್ಮಾ. ಅದು ನನ್ನದೇನೂ ಅಲ್ಲ.

ಹಿಮದೂರು (ಟೊರಾಂಟೊ)

ಏಳು ವರ್ಷದ ಮೊಮ್ಮಗನಿಗೆ ಇಲ್ಲಿನ ಶಾಲೆಯಲ್ಲಿ ಇದನ್ನು ಕಲಿಸಿದ್ದಾರೆ. ಮನೆಗೆ ಬಂದವನು ನನಗೆ ತೋರಿಸಿಕೊಟ್ಟ. ಅವನು ಇಂಗ್ಲಿಷಿನಲ್ಲಿ ಹೇಳುತ್ತಿದ್ದದ್ದನ್ನು ನಾನು ಕನ್ನಡದಲ್ಲಿ, "ಹೆದರಿಕೆ ಆಗುತ್ತಿದೆ, ಪರವಾಗಿಲ್ಲ, ಅಜ್ಜಿ ಇದ್ದಾಳೆ" ಎಂದು ಮಾಡಿಕೊಟ್ಟೆ. ಈಗ ಅವನಿಗೆ ಗುಡುಗು ಬಂದಾಗ ಅದೇ ಬೇಕು. ಅವನ ಬೆನ್ನು ತಟ್ಟುತ್ತ ಕೂತಿದ್ದಾಗ ಹೊಳೆಯಿತು, ತೊಟ್ಟಿಲ ಮಕ್ಕಳನ್ನು ತಟ್ಟಿ ಮಲಗಿಸುವುದನ್ನು ನಮಗೆ ಯಾರೂ ಶಿಬಿರದಲ್ಲಿ ಕಲಿಸಲಿಲ್ಲ.

ತೆಂಗಿನ ನೆರಳು

ಮೂರು ವಾರಗಳಾದವು. ನೀವೆಲ್ಲ ಹೇಳಿದ್ದನ್ನು ಮಾಡಿದ್ದೇನೆ, ಅದನ್ನು ತಿಳಿಸಬೇಕು.

ಇಸಿಜಿ ಸರಿಯಿದೆ. ಹಿಮೋಗ್ಲೋಬಿನ್ 8.9 ಬಂತು. ಅಮ್ಮನಿಗೆ ಗಂಜಿ ಮಾಡಿ, ಮಿಕ್ಕದ್ದನ್ನು ನಿಂತಲ್ಲೇ ತಿಂದು ಶಾಲೆಗೆ ಓಡಿದ ಹದಿನಾಲ್ಕು ತಿಂಗಳು ರಕ್ತದಲ್ಲಿ ಬರೆದುಕೊಂಡಿತ್ತು. ಕಬ್ಬಿಣದ ಮಾತ್ರೆ ಕೊಟ್ಟಿದ್ದಾರೆ. ಮಂಗಳವಾರ ಮನೋವೈದ್ಯರನ್ನೂ ಕಂಡೆ. ಅರ್ಧ ಗಂಟೆ ಮಾತನಾಡಿಸಿದರು. ಸದ್ಯಕ್ಕೆ ಔಷಧಿ ಬೇಡ, ಆದರೆ ತಿಂಗಳು ಬಿಟ್ಟು ಖಂಡಿತ ಬರಬೇಕು ಎಂದಿದ್ದಾರೆ. ತಟ್ಟಿಕೊಳ್ಳುವ ವಿಷಯವನ್ನು ಮುಜುಗರದಿಂದಲೇ ಹೇಳಿದೆ. ಅದರಿಂದ ಹಾಯಾಗುತ್ತಿದ್ದರೆ ಮುಂದುವರಿಸಿ ಎಂದರು.

ವಾಕ್ಯ ಸಿಕ್ಕಿದೆ. ನರ್ಸ್ ಅಕ್ಕ ಬರೆದಿದ್ದ ಲೆಕ್ಕದ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಒಂದು ಬೆಳಗಿನ ಜಾವ ತಟ್ಟುತ್ತ ಹೇಳಿದೆ: "ಅಮ್ಮಾ, ಆ ರಾತ್ರಿ ನನಗೆ ನಿದ್ದೆ ಬಂತು." ಅಷ್ಟೇ. "ಆದರೂ" ಇಲ್ಲ, "ಸ್ವೀಕರಿಸುತ್ತೇನೆ" ಇಲ್ಲ. ಮೂರು ಸಲ ಹೇಳುವಷ್ಟರಲ್ಲಿ ಅದು ತಪ್ಪೊಪ್ಪಿಗೆಯಂತೆ ಕೇಳಿಸುವುದು ನಿಂತುಹೋಯಿತು. ಚಿಕ್ಕವಳಿದ್ದಾಗ ಶಾಲೆಯಿಂದ ಬಂದು ಏನಾಯಿತೆಂದು ಅಮ್ಮನಿಗೆ ಹೇಳುತ್ತಿದ್ದ ಹಾಗೆ ಕೇಳಿಸಿತು. ಹೇಳಿದ್ದರೆ ಅಮ್ಮ ಏನೆನ್ನುತ್ತಿದ್ದರು ಎಂದು ನನಗೆ ಗೊತ್ತು. "ಮಲಗು, ಬೆಳಿಗ್ಗೆ ಶಾಲೆಯಿದೆ" ಎನ್ನುತ್ತಿದ್ದರು.

ನೆತ್ತಿಯಲ್ಲಿ ಅಳು ಬರುತ್ತಿದ್ದದ್ದೂ ಅರ್ಥವಾಯಿತು. ಶುಕ್ರವಾರಗಳಂದು ಅಮ್ಮ ನನ್ನನ್ನು ಮಣೆಯ ಮೇಲೆ ಕೂರಿಸಿ ಬೆಚ್ಚಗಿನ ಕೊಬ್ಬರಿ ಎಣ್ಣೆಯನ್ನು ಅಂಗೈಯಲ್ಲಿ ಗುಳಿ ಮಾಡಿ ಹಿಡಿದು ನೆತ್ತಿಗೆ ತಟ್ಟುತ್ತಿದ್ದರು. ಎಣ್ಣೆ ಇಳಿದು ಕಿವಿಯ ಹಿಂದೆ ಬರುವವರೆಗೂ ತಟ್ಟುತ್ತಿದ್ದರು, ನೆತ್ತಿ ತಂಪಾಗಲಿ ಎನ್ನುತ್ತ. ಮೈಸೂರಿನ ಮೇಷ್ಟ್ರೇ, ಬಿಂದುಗಳಲ್ಲಿ ಏನೂ ಇಲ್ಲ ಎಂಬುದನ್ನು ಒಪ್ಪುತ್ತೇನೆ. ಆದರೆ ನನ್ನ ನೆತ್ತಿಯಲ್ಲಿ ಇದೆ.

ಸರಾಸರಿ

ಇದೆ ಮೇಡಂ. ಇದಕ್ಕೆ ನನ್ನ ಬಳಿ ಎದುರು ಮಾತಿಲ್ಲ.

ರಾತ್ರಿಪಾಳಿ

8.9 ಎಂದರೆ ಮಾತ್ರೆಯನ್ನು ಮೂರು ತಿಂಗಳಾದರೂ ಬಿಡದೆ ತೆಗೆದುಕೊಳ್ಳಿ ಅಕ್ಕಾ. ಕಾಫಿ, ಚಹಾ ಜೊತೆ ಬೇಡ, ಒಂದು ಲೋಟ ನಿಂಬೆಹಣ್ಣಿನ ಪಾನಕದೊಂದಿಗೆ ತೆಗೆದುಕೊಂಡರೆ ಮೈಗೆ ಚೆನ್ನಾಗಿ ಹತ್ತುತ್ತದೆ. ಮಲ ಕಪ್ಪಾದರೆ ಹೆದರಬೇಡಿ.

ಉಣಕಲ್ ದಂಡೆ

ನಿಮ್ಮ ವೈದ್ಯರು ಕೇಳಿಸಿಕೊಂಡರಲ್ಲ, ಅದನ್ನು ಓದಿ ಖುಷಿಯಾಯಿತು. ನಾನೂ ಮುಂದಿನ ಭೇಟಿಯಲ್ಲಿ ನನ್ನ ವೈದ್ಯರಿಗೆ ಹೇಳುತ್ತೇನೆ. ಇಷ್ಟು ದಿನ ಬೈಯುತ್ತಾರೆಂದು ಮುಚ್ಚಿಟ್ಟಿದ್ದೆ.

ಕಾನುತೋಟ

ನಮ್ಮಲ್ಲಿ ಮಳೆ ಸ್ವಲ್ಪ ಹೊಳವಾಗಿದೆ. ಕೆಳಗಿನ ಸಾಲಿನ ನಲವತ್ತು ಮರಗಳ ರೋಗದ ಸೋಗೆ ಕಡಿಸಿ ಸುಡಿಸಿದೆ. ಮಗಳು ಈ ಚರ್ಚೆಯನ್ನು ಓದಿ ರಾತ್ರಿ ಕರೆ ಮಾಡಿ ಅತ್ತಳು. ಅಪ್ಪ ಊಟ ಬಿಟ್ಟಿದ್ದು ಅವಳಿಗೆ ಗೊತ್ತಿರಲಿಲ್ಲ. ಇನ್ನು ಮೇಲೆ ಭಾನುವಾರ ಇಬ್ಬರೂ ಫೋನಿನ ಎದುರು ಕೂತು ಒಟ್ಟಿಗೆ ತಟ್ಟಿಕೊಳ್ಳುವುದು ಎಂದು ಮಾಡಿಕೊಂಡಿದ್ದೇವೆ. ಅವಳಿಗೂ ಕಚೇರಿಯಲ್ಲಿ ಕಷ್ಟವಿದೆಯಂತೆ. ಅದು ನನಗೆ ಗೊತ್ತಿರಲಿಲ್ಲ.

ತೆಂಗಿನ ನೆರಳು

ದೀಪಾವಳಿ ಹತ್ತಿರ ಬಂತು. ವರ್ಷದ ಕಾರ್ಯ ಮುಗಿದಿಲ್ಲವಾದ್ದರಿಂದ ಈ ಸಲ ನಮ್ಮ ಮನೆಯಲ್ಲಿ ಹಬ್ಬವಿಲ್ಲ. ಇಲ್ಲಿ ಬರೆಯದೆ ಎರಡು ತಿಂಗಳಾದವು, ಕೆಲವರು ವಿಚಾರಿಸಿದ್ದಿರಿ. ಹಿಮೋಗ್ಲೋಬಿನ್ 11ಕ್ಕೆ ಬಂದಿದೆ. ವಾರದಲ್ಲಿ ನಾಲ್ಕು ದಿನವಾದರೂ ಐದೂವರೆಯವರೆಗೆ ನಿದ್ದೆ ಬರುತ್ತದೆ. ಉಳಿದ ದಿನ ಎದ್ದರೆ ತಟ್ಟಿಕೊಂಡು, ಅಡುಗೆಮನೆಯ ದೀಪ ಹಾಕುತ್ತೇನೆ.

ಅಪ್ಪನ ವಿಷಯ ಇಲ್ಲಿ ಬರೆದೇ ಇರಲಿಲ್ಲ. ಅವರಿಗೆ ಎಪ್ಪತ್ತೊಂಬತ್ತು. ಅಮ್ಮ ಹೋದ ಮೇಲೆ ಮಾತು ಕಡಿಮೆ ಮಾಡಿದ್ದರು. ಕೇಳಿದ್ದಕ್ಕೆ ಹೂಂ, ಉಹುಂ ಅಷ್ಟೇ. ತಟ್ಟಿಕೊಳ್ಳುವುದನ್ನು ಅವರಿಗೆ ಕಲಿಸಲು ಹೋದೆ. ಮುಖ ತಿರುಗಿಸಿದರು, ಬಿಟ್ಟೆ. ಮೊನ್ನೆ ಶನಿವಾರ ಬಚ್ಚಲ ಒಲೆ ಹಚ್ಚಿ, ಅವರನ್ನು ಮಣೆಯ ಮೇಲೆ ಕೂರಿಸಿ, ಎಣ್ಣೆ ಬೆಚ್ಚಗೆ ಮಾಡಿ ನೆತ್ತಿಗೆ ಹಾಕಿದೆ. ಕೂದಲೆಲ್ಲ ಉದುರಿದ ನೆತ್ತಿ, ಕೈಗೆ ಎಲುಬೇ ಸಿಗುತ್ತದೆ. ನೋವಾದೀತೆಂದು ಮೆಲ್ಲಗೆ ತಟ್ಟುತ್ತಿದ್ದೆ. ತುಂಬ ಹೊತ್ತು ಸುಮ್ಮನಿದ್ದವರು ಕಣ್ಣು ಮುಚ್ಚಿಕೊಂಡೇ ಹೇಳಿದರು:

"ಅವಳು ಇನ್ನೂ ಜೋರಾಗಿ ತಟ್ಟುತ್ತಿದ್ದಳು."